ಮದುವೆ ವಿಡಿಯೊವನ್ನು ಡಿವಿಡಿಗೆ ಹಿಡಿಸುವುದು ಹೇಗೆ? ಜಿಬಿ ಬಿಡಿ, ನಿಮಿಷ ಎಣಿಸಿ

ಗುಬ್ಬಿ ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿ ಇದ್ದಾರೆ. ನಡುಮನೆಯಲ್ಲಿ ದಪ್ಪ ಬೆನ್ನಿನ ಹಳೆ ಟಿವಿ, ಅದರ ಕೆಳಗೆ ಒಂದು ಡಿವಿಡಿ ಪ್ಲೇಯರ್. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತಂಗಿಯ ಮದುವೆ ತುಮಕೂರಿನ ಛತ್ರದಲ್ಲಿ ಆಯಿತು. ಅಜ್ಜಿಗೆ ಮಂಡಿನೋವು. ಧಾರೆ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಊಟ ಮುಗಿಸಿ ಹೊರಟರು. ಚಪ್ಪರದ ಶಾಸ್ತ್ರ ನೋಡಲಿಲ್ಲ, ಬೀಗರೂಟವನ್ನೂ ನೋಡಲಿಲ್ಲ. "ಎಲ್ಲಾ ಒಂದು ಸೀಡಿಗೆ ಹಾಕಿಸ್ಕೊಂಡು ಬಾರಪ್ಪ, ಕೂತ್ಕೊಂಡು ನೋಡ್ತೀನಿ" ಎಂದರು.

ಕ್ಯಾಮೆರಾದವರು ಕೊಟ್ಟ ಪೆನ್ ಡ್ರೈವ್, ಚಿಕ್ಕಪ್ಪನ ಮಕ್ಕಳ ಫೋನು, ನನ್ನ ಫೋನು, ಎಲ್ಲ ಸೇರಿಸಿದರೆ 38 ಜಿಬಿ ಆಯಿತು. ಡಿವಿಡಿಯ ಡಬ್ಬಿ ಮೇಲೆ ಬರೆದಿರುವುದು 4.7 ಜಿಬಿ. ನಾನು ಮೊದಲು ಮಾಡಿದ್ದು, ಆ ಫೈಲುಗಳನ್ನು ಕುಗ್ಗಿಸಿ ಕುಗ್ಗಿಸಿ 4 ಜಿಬಿಗೆ ತಂದು, ಹಾಗೇ ಡಿಸ್ಕ್‌ಗೆ ಕಾಪಿ ಮಾಡಿದ್ದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿತು. ಊರಿನಲ್ಲಿ ಅಜ್ಜಿಯ ಪ್ಲೇಯರ್ ಅದನ್ನು ಗುರುತೇ ಹಿಡಿಯಲಿಲ್ಲ. ಪಕ್ಕದ ಮನೆಯವರೂ ನೋಡಲು ಬಂದು ಕೂತಿದ್ದರು. ಬೇಜಾರಾಯಿತು. ಆಮೇಲೆ ಕೂತು ಸರಿಯಾಗಿ ಕಲಿತೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಅಜ್ಜಿ ಇದ್ದರೆ, ಈ ಬರಹ ನಿಮಗಾಗಿ.

ಎರಡು ಬಗೆಯ ಡಿಸ್ಕ್

ಖಾಲಿ ಡಿವಿಡಿ ಒಂದೇ. ಅದರೊಳಗೆ ಬರೆಯುವ ರೀತಿ ಎರಡು. ಒಂದು ಡೇಟಾ ಡಿವಿಡಿ. ಇದು ಪೆನ್ ಡ್ರೈವ್ ಇದ್ದ ಹಾಗೆ, ಫೈಲು ಹೇಗಿದೆಯೋ ಹಾಗೇ ಕೂರುತ್ತದೆ. ಕಂಪ್ಯೂಟರ್ ಓದುತ್ತದೆ. ಇನ್ನೊಂದು ವಿಡಿಯೊ ಡಿವಿಡಿ. ಟಿವಿ ಕೆಳಗಿನ ಪ್ಲೇಯರ್‌ಗೆ ಬೇಕಾದದ್ದು ಇದೇ. ಇದರೊಳಗೆ 'ವಿಡಿಯೊ ಟಿಎಸ್' ಎಂಬ ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿ ಚಿತ್ರ ಎಂಪೆಗ್-2 ಎಂಬ ಹಳೆಯ ರೀತಿಯಲ್ಲೇ ಇರಬೇಕು. ಚಿತ್ರದ ಅಳತೆಯೂ ಗೊತ್ತುಮಾಡಿದ್ದೇ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ 720 ಅಡ್ಡ, 576 ಉದ್ದ, ಸೆಕೆಂಡಿಗೆ 25 ಚಿತ್ರ. ಫೋನಿನ ಎಂಪಿ4 ಫೈಲನ್ನು ಎಷ್ಟೇ ಚಿಕ್ಕದು ಮಾಡಿ ಹಾಕಿದರೂ ಹಳೆ ಪ್ಲೇಯರ್‌ಗೆ ಅದು ಅರ್ಥವಾಗದ ಭಾಷೆ.

ಪ್ಲೇಯರ್ ಮುಂದೆ 'ಡಿವ್‌ಎಕ್ಸ್' ಎಂಬ ಗುರುತು ಇದ್ದರೆ, ಅದು ಡೇಟಾ ಡಿಸ್ಕ್‌ನಲ್ಲಿರುವ ಡಿವ್‌ಎಕ್ಸ್ ಎವಿಐ ಫೈಲುಗಳನ್ನೂ ಓದುತ್ತದೆ. ಆಗ ಹೆಚ್ಚು ಹೊತ್ತಿನ ವಿಡಿಯೊ ಹಿಡಿಯುತ್ತದೆ. ಅಜ್ಜಿಯದರಲ್ಲಿ ಆ ಗುರುತು ಇಲ್ಲ. ಹಾಗಾಗಿ ಮುಂದಿನದೆಲ್ಲ ವಿಡಿಯೊ ಡಿವಿಡಿಯ ಮಾತು.

ನಿಮಿಷದ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ವಿಡಿಯೊ ಡಿವಿಡಿ ಮಾಡುವಾಗ ನಿಮ್ಮ ಫೈಲು ಈಗ ಎಷ್ಟು ಜಿಬಿ ಇದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲವೂ ಹೊಸದಾಗಿ ಎಂಪೆಗ್-2 ಆಗಿ ಬದಲಾಗುತ್ತದೆ. 300 ಎಂಬಿಯ ಒಂದು ಗಂಟೆ ವಿಡಿಯೊ, 15 ಜಿಬಿಯ ಒಂದು ಗಂಟೆ ವಿಡಿಯೊ, ಎರಡೂ ಡಿಸ್ಕ್‌ನಲ್ಲಿ ಒಂದೇ ಜಾಗ ತಿನ್ನುತ್ತವೆ. ಎಷ್ಟು ನಿಮಿಷ ಎನ್ನುವುದೊಂದೇ ಪ್ರಶ್ನೆ. ನಾನು ಅಷ್ಟು ಹೊತ್ತು ಫೈಲು ಕುಗ್ಗಿಸಿದ್ದು ಪೂರ್ತಿ ದಂಡ. ಕುಗ್ಗಿಸಿದ್ದರಿಂದ ಚಿತ್ರ ಇನ್ನಷ್ಟು ಕೆಟ್ಟಿತು, ಅಷ್ಟೇ.

ನಿಮಿಷ ಗೊತ್ತಾದರೆ ಬಿಟ್‌ರೇಟ್ ತಾನೇ ಸಿಗುತ್ತದೆ. ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಮೆಗಾಬಿಟ್ ಜಾಗ ಕೊಡುತ್ತೇವೆ ಎನ್ನುವುದೇ ಬಿಟ್‌ರೇಟ್. ಸುಲಭದ ಸೂತ್ರ ಇದು: 600ನ್ನು ನಿಮಿಷದಿಂದ ಭಾಗಿಸಿ. 100 ನಿಮಿಷಕ್ಕೆ 6. 120 ನಿಮಿಷಕ್ಕೆ 5. 150 ನಿಮಿಷಕ್ಕೆ 4. 200 ನಿಮಿಷಕ್ಕೆ 3. ಧ್ವನಿಯೂ ಇದರಲ್ಲೇ ಸೇರಿದೆ.

600 ಎಲ್ಲಿಂದ ಬಂತು ಅಂದರೆ, 4.7 ಜಿಬಿ ಡಿಸ್ಕ್‌ನಲ್ಲಿ 470 ಕೋಟಿ ಬೈಟ್ ಇರುತ್ತದೆ. ಒಂದು ಬೈಟ್ ಅಂದರೆ 8 ಬಿಟ್, ಹಾಗಾಗಿ 8ರಿಂದ ಗುಣಿಸಿದರೆ 37,600 ಮೆಗಾಬಿಟ್. ಅದನ್ನು 60 ಸೆಕೆಂಡಿನಿಂದ ಭಾಗಿಸಿದರೆ 626 ಚಿಲ್ಲರೆ. ಮೆನು, ಒಳಗಿನ ಕಟ್ಟುಪಾಡು ಎಂದು ಸ್ವಲ್ಪ ಜಾಗ ಬಿಟ್ಟುಕೊಂಡರೆ 600. ಅದೇ ಡಿಸ್ಕ್ ವಿಂಡೋಸ್‌ನಲ್ಲಿ 4.38 ಜಿಬಿ ಎಂದು ಕಾಣಿಸುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ತಯಾರಿಸುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಡಿಸ್ಕ್ ಅದೇ.

ಮೇಲ್ಗಡೆಯೂ ಒಂದು ಮಿತಿ ಇದೆ. ಡಿವಿಡಿಯಲ್ಲಿ ಚಿತ್ರದ ಬಿಟ್‌ರೇಟ್ 9.8 ದಾಟುವಂತಿಲ್ಲ. ಮನೆಯಲ್ಲಿ ಬರೆದ ಡಿಸ್ಕ್ ಅಷ್ಟು ಏರಿದರೆ ಕೆಲವು ಪ್ಲೇಯರ್ ತಡವರಿಸುತ್ತವೆ. ನಾನು 8ರ ಒಳಗೇ ಇಡುತ್ತೇನೆ. ಅರ್ಧ ಗಂಟೆಯ ನಾಮಕರಣ ಆದರೆ ಡಿಸ್ಕ್‌ನಲ್ಲಿ ಜಾಗ ಖಾಲಿ ಉಳಿಯಲಿ ಬಿಡಿ, ತುಂಬಿಸಲೇಬೇಕು ಎಂದೇನಿಲ್ಲ.

ಕೆಳಗಡೆ ಎಲ್ಲಿವರೆಗೆ ಇಳಿಯಬಹುದು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಪೆಗ್ ಪ್ರತಿ ಚಿತ್ರವನ್ನೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ ಇಟ್ಟು, ನಡುವೆ ಏನು ಬದಲಾಯಿತೋ ಅದನ್ನಷ್ಟೇ ಬರೆದುಕೊಳ್ಳುತ್ತದೆ. ಪುರೋಹಿತರು ಕೂತು ಮಂತ್ರ ಹೇಳುತ್ತಿದ್ದರೆ ಬದಲಾಗುವುದು ಬಾಯಿ, ಕೈ ಮಾತ್ರ. 3 ಮೆಗಾಬಿಟ್ ಸಾಕು. ತಾಳಿ ಕಟ್ಟುವ ಗಳಿಗೆಗೆ ಬನ್ನಿ. ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಹೋಮದ ಹೊಗೆ ಏಳುತ್ತದೆ. ಫೋಟೊದವರ ಫ್ಲ್ಯಾಶ್ ಹೊಡೆಯುತ್ತದೆ. ವಿಡಿಯೊ ಹಿಡಿದ ಹುಡುಗನ ಕೈಯೂ ನಡುಗುತ್ತದೆ. ಚಿತ್ರದ ಮೂಲೆಮೂಲೆಯೂ ಬದಲಾಗುತ್ತಿದೆ. ಅಷ್ಟನ್ನೂ ಬರೆದುಕೊಳ್ಳಲು ಜಾಗ ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇಡೀ ಮದುವೆಯಲ್ಲಿ ಯಾವ ಒಂದು ನಿಮಿಷ ನೋಡಲು ಅಜ್ಜಿ ಕೂತಿದ್ದಾರೋ, ಆ ನಿಮಿಷವೇ ಮೊದಲು ಕೆಡುತ್ತದೆ. ಅದಕ್ಕೇ ಮದುವೆಗೆ 5ಕ್ಕಿಂತ ಕಡಿಮೆ ಇಡಬೇಡಿ ಅಂತ ಹೇಳುತ್ತೇನೆ. ಅಂದರೆ ಒಂದು ಡಿಸ್ಕ್‌ಗೆ 2 ಗಂಟೆ, ಅದಕ್ಕಿಂತ ಜಾಸ್ತಿ ಬೇಡ.

ಹೆಚ್ಚಿದ್ದರೆ ಎರಡು ಡಿಸ್ಕ್ ಮಾಡಿ. ನಮ್ಮದು ಒಟ್ಟು 200 ನಿಮಿಷ ಇತ್ತು. ಮೊದಲ ಡಿಸ್ಕ್‌ನಲ್ಲಿ ಚಪ್ಪರ, ಅರಿಶಿಣ, ವರಪೂಜೆ. ಎರಡನೆಯದರಲ್ಲಿ ಧಾರೆ, ಆರತಕ್ಷತೆ, ಬೀಗರೂಟ. ಒಂದೊಂದಕ್ಕೆ 100 ನಿಮಿಷ, 6 ಮೆಗಾಬಿಟ್. 8.5 ಜಿಬಿಯ ಎರಡು ಪದರದ ಡಿಸ್ಕ್ ಕೂಡ ಸಿಗುತ್ತದೆ. ಅದರ ಬೆಲೆ ಹೆಚ್ಚು, ಹಳೆ ಪ್ಲೇಯರ್ ಪದರ ಬದಲಾಯಿಸುವಾಗ ಕೆಲವೊಮ್ಮೆ ನಿಂತುಬಿಡುತ್ತದೆ. ನನಗೆ ಎರಡು ಮಾಮೂಲಿ ಡಿಸ್ಕೇ ವಾಸಿ ಅನಿಸಿತು.

ಫೈಲು ಸೇರಿಸುವುದು, ಕತ್ತರಿಸುವುದು

ಮೊದಲು ಎಲ್ಲ ಫೈಲುಗಳನ್ನೂ ಒಂದು ಫೋಲ್ಡರ್‌ಗೆ ತನ್ನಿ. ಇಲ್ಲೊಂದು ಮಾತು. ನೆಂಟರು ವಾಟ್ಸಾಪ್‌ನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿದರೆ, ದಾರಿಯಲ್ಲೇ ಅದು ಕುಗ್ಗಿರುತ್ತದೆ. ಕೇಬಲ್ ಹಾಕಿ ಫೋನಿನಿಂದಲೇ ತೆಗೆದುಕೊಳ್ಳಿ. ದೂರದಲ್ಲಿದ್ದರೆ ಅದೇ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಆಮೇಲೆ ಕೂತು ನೋಡಿ, ಬೇಡದ್ದನ್ನು ಬಿಡಿ. ಒಂದೇ ಆರತಿಯನ್ನು 4 ಜನ ಹಿಡಿದಿರುತ್ತಾರೆ, ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಿ. ನಿಮಿಷ ಉಳಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಊಟದ ಪಂಕ್ತಿಯನ್ನು ಮಾತ್ರ ಕತ್ತರಿಸಬೇಡಿ. ಊರಿನವರು ತಮ್ಮ ಮುಖ ಹುಡುಕುವುದು ಅಲ್ಲೇ ಅಲ್ವಾ? ಕತ್ತರಿಸಲು ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶ ಇದೆ. ಚಿತ್ರವನ್ನು ಮತ್ತೆ ಕುಗ್ಗಿಸದೆ, ಬೇಕಾದ ತುಂಡನ್ನು ಹಾಗೇ ತೆಗೆದುಕೊಡುತ್ತದೆ. ತುಂಡು ನೀವು ಹೇಳಿದ ಕಡೆಯೇ ಶುರುವಾಗದೆ ಒಂದೆರಡು ಸೆಕೆಂಡು ಹಿಂದೆ ಮುಂದೆ ಆಗಬಹುದು. ಮನೆಯ ವಿಡಿಯೊಗೆ ಅದು ತೊಂದರೆಯಲ್ಲ.

ಫೋನ್ ವಿಡಿಯೊದಲ್ಲಿ ಒಂದು ತೊಡಕು ಇದೆ. ಬೆಳಕು ನೋಡಿಕೊಂಡು ಫೋನು ಸೆಕೆಂಡಿಗೆ ಇಷ್ಟೇ ಚಿತ್ರ ಎಂದಿಲ್ಲದೆ ಒಮ್ಮೆ 30, ಒಮ್ಮೆ 27 ಹೀಗೆ ಹಿಡಿಯುತ್ತದೆ. ಡಿವಿಡಿ ಮಾಡಿದ ಮೇಲೆ ನಾದಸ್ವರದ ಸದ್ದು ಮೊದಲು ಬಂದು, ಊದುವವರ ಕೆನ್ನೆ ಆಮೇಲೆ ಉಬ್ಬುತ್ತದೆ. ಹೀಗಾದರೆ ಆ ಫೈಲನ್ನು ಮೊದಲು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಹಾಕಿ, 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ, ಗುಣಮಟ್ಟ ಜಾಸ್ತಿ ಇಟ್ಟು ಒಮ್ಮೆ ಬದಲಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಪಿ4, ಎಂಕೆವಿ ಥರದ ಫೈಲು ಕೊಡುತ್ತದೆಯೇ ಹೊರತು ಡಿವಿಡಿ ಬರೆಯುವುದಿಲ್ಲ. ಇದು ಬರೀ ನಡುವಿನ ಹೆಜ್ಜೆ.

ಪಾಲ್ ಇಡುವುದೋ, ಅಮೆರಿಕದ ಕಡೆಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಇಡುವುದೋ ಎನ್ನುವ ಪ್ರಶ್ನೆಯೂ ಬರುತ್ತದೆ. ಫೋನು ಹಿಡಿಯುವುದು 30 ಚಿತ್ರ, ಪಾಲ್‌ಗೆ ಬೇಕಾದದ್ದು 25. ಐದು ಚಿತ್ರ ಬಿಟ್ಟುಹೋದಾಗ ಓಡಾಟ ಸ್ವಲ್ಪ ಕುಪ್ಪಳಿಸಿದಂತೆ ಕಾಣುತ್ತದೆ. ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 29.97 ಚಿತ್ರ, ಅಳತೆ 720ಕ್ಕೆ 480. ಎಲ್ಲವೂ ಫೋನಿನದೇ ಆಗಿದ್ದು, ನಿಮ್ಮ ಪ್ಲೇಯರ್, ಟಿವಿ ಎರಡೂ ಎನ್‌ಟಿಎಸ್‌ಸಿ ತೋರಿಸುವುದಾದರೆ ಅದನ್ನೇ ಇಡಿ. ಕ್ಯಾಮೆರಾದವರ ಫೈಲು 25ರದ್ದಾಗಿದ್ದರೆ ಪಾಲ್. ನಮ್ಮದರಲ್ಲಿ ಕ್ಯಾಮೆರಾದ್ದೇ ಹೆಚ್ಚಿತ್ತು, ಪಾಲ್ ಇಟ್ಟೆ.

ಡಿವಿಡಿ ಕಟ್ಟುವುದು

ನಾನು ಬಳಸಿದ್ದು ಡಿವಿಡಿಸ್ಟೈಲರ್. ಉಚಿತ, ವಿಂಡೋಸ್‌ಗೂ ಲಿನಕ್ಸ್‌ಗೂ ಇದೆ. ತೆರೆದ ಕೂಡಲೇ ಹೊಸ ಡಿಸ್ಕ್‌ನ ವಿವರ ಕೇಳುತ್ತದೆ. ಡಿಸ್ಕ್ ಅಳತೆ 4.7 ಜಿಬಿ ಇರಲಿ. ವಿಡಿಯೊ ಪಾಲ್. ಆಕಾರ 16:9, ಏಕೆಂದರೆ ಫೋನು, ಹೊಸ ಕ್ಯಾಮೆರಾ ಎಲ್ಲ ಅಗಲವಾಗಿಯೇ ಹಿಡಿಯುತ್ತವೆ. ಬಿಟ್‌ರೇಟ್ 'ಆಟೊ' ಇಟ್ಟರೆ ನಿಮಿಷ ನೋಡಿಕೊಂಡು ಅದೇ ಲೆಕ್ಕ ಹಾಕುತ್ತದೆ. ಆದರೂ ಮೇಲಿನ ಸೂತ್ರದಿಂದ ನೀವೂ ಒಮ್ಮೆ ತಾಳೆ ನೋಡಿ.

ಧ್ವನಿಗೆ ಎಸಿ3 ಆರಿಸಿ, 192 ಕಿಲೊಬಿಟ್. ಒಂದು ಗಂಟೆಗೆ ಸುಮಾರು 86 ಎಂಬಿ ಆಗುತ್ತದೆ. ಕುಗ್ಗಿಸದ ಪಿಸಿಎಂ ಧ್ವನಿ ಇಟ್ಟರೆ ಅದೇ ಒಂದು ಗಂಟೆಗೆ ಸುಮಾರು 690 ಎಂಬಿ. 2 ಗಂಟೆಗೆ ಡಿಸ್ಕ್‌ನ ಕಾಲು ಭಾಗಕ್ಕಿಂತ ಹೆಚ್ಚು ಧ್ವನಿಗೇ ಹೋಯಿತು. ಛತ್ರದ ಗದ್ದಲಕ್ಕೆ ಅಷ್ಟು ಜಾಗ ಕೊಡುವ ಅಗತ್ಯ ಇಲ್ಲ.

ಮೆನು ಟೆಂಪ್ಲೇಟ್ ಕೇಳಿದಾಗ 'ನೋ ಟೆಂಪ್ಲೇಟ್' ಎಂದು ಬಿಟ್ಟೆ. ಹೂವಿನ ಚೌಕಟ್ಟಿನ ಮೆನು ನೋಡಲು ಚೆಂದ. ಆದರೆ ಅಜ್ಜಿಗೆ ಬಾಣದ ಗುರುತು ಒತ್ತಿ ಆರಿಸುವುದು ಕಷ್ಟ. ಮೆನು ಇಲ್ಲದಿದ್ದರೆ ಡಿಸ್ಕ್ ಹಾಕಿದ ಕೂಡಲೇ ಚಿತ್ರ ಶುರುವಾಗುತ್ತದೆ. ತುಂಡುಗಳನ್ನು ಮೊದಲೇ ಒಂದೇ ಫೈಲಾಗಿ ಜೋಡಿಸಿಕೊಂಡರೆ ನಡುವೆ ನಿಲ್ಲುವ ಭಯವೂ ಇಲ್ಲ. ಪ್ರತಿ 10 ನಿಮಿಷಕ್ಕೆ ಒಂದು ಚಾಪ್ಟರ್ ಗುರುತು ಹಾಕಿ. ರಿಮೋಟ್‌ನ 'ನೆಕ್ಸ್ಟ್' ಒತ್ತಿ ಮುಂದೆ ಹೋಗಬಹುದು.

ಕೊನೆಗೆ 'ಬರ್ನ್' ಒತ್ತಿದಾಗ ಅಲ್ಲೇ ಡಿಸ್ಕ್‌ಗೆ ಬರೆಯಬೇಡಿ. 'ಐಎಸ್ಒ ಇಮೇಜ್' ಎಂಬ ಆಯ್ಕೆ ಇದೆ, ಅದನ್ನು ಆರಿಸಿ. ಡಿಸ್ಕ್‌ನ ಪಡಿಯಚ್ಚು ಒಂದು ಫೈಲಾಗಿ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ 10 ಜಿಬಿಯಾದರೂ ಖಾಲಿ ಇರಲಿ. ನನ್ನ ಹಳೆ ಲ್ಯಾಪ್‌ಟಾಪ್ ಈ ಕೆಲಸಕ್ಕೆ ರಾತ್ರಿಯೆಲ್ಲ ತೆಗೆದುಕೊಂಡಿತು. ಬೆಳಗ್ಗೆ ಆ ಐಎಸ್ಒ ಫೈಲನ್ನು ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ತೆರೆದು ನೋಡಿ. ಶುರು, ನಡು, ಕೊನೆ, ಮೂರು ಕಡೆಯೂ ಧ್ವನಿ ಹೊಂದುತ್ತದೆಯೇ ಗಮನಿಸಿ. ಅಕ್ಷತೆಯ ನಿಮಿಷವನ್ನು ತಪ್ಪದೆ ನೋಡಿ.

ಡಿಸ್ಕ್‌ಗೆ ಬರೆಯುವುದು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಹಾಕುವ ಡಿವಿಡಿ ರೈಟರ್ ಬೇಕು. ಅದನ್ನು ನೇರ ಲ್ಯಾಪ್‌ಟಾಪ್‌ಗೇ ಚುಚ್ಚಿ. ಹಬ್ ಮೂಲಕ ಕೊಟ್ಟರೆ ಕರೆಂಟ್ ಸಾಲದೆ ನಡುವೆ ಕೈಕೊಡುತ್ತದೆ.

ಡಿಸ್ಕ್ ಕೊಳ್ಳುವಾಗ ಡಿವಿಡಿ ಮೈನಸ್ ಆರ್ ಕೇಳಿ. ಪ್ಲಸ್ ಆರ್ ಕೂಡ ಈಗ ಬಹುಪಾಲು ನಡೆಯುತ್ತದೆ. ತೀರಾ ಹಳೆ ಪ್ಲೇಯರ್‌ಗೆ ಮೈನಸ್ ಆರ್ ಹೆಚ್ಚು ಒಗ್ಗುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕ್ ಒಂದನ್ನೂ ತಂದಿಟ್ಟುಕೊಳ್ಳಿ, ಪರೀಕ್ಷೆಗೆ ಆಗುತ್ತದೆ. ಅದರ ಮೇಲ್ಮೈ ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಕೆಲವು ಪ್ಲೇಯರ್ ಓದುವುದಿಲ್ಲ ಎನ್ನುವುದು ನೆನಪಿರಲಿ. ಅಂದರೆ ಆರ್‌ಡಬ್ಲ್ಯು ಓಡಲಿಲ್ಲ ಅಂದಮಾತ್ರಕ್ಕೆ ನೀವು ಕಟ್ಟಿದ್ದು ತಪ್ಪು ಎಂದಾಗುವುದಿಲ್ಲ.

ಬರೆಯಲು ಇಮ್ಗ್‌ಬರ್ನ್ ಎಂಬ ತಂತ್ರಾಂಶ ಬಳಸಿದೆ. 'ರೈಟ್ ಇಮೇಜ್ ಫೈಲ್ ಟು ಡಿಸ್ಕ್' ಒತ್ತಿ, ಐಎಸ್ಒ ತೋರಿಸಿ. 'ವೆರಿಫೈ' ಎಂಬ ಚೌಕಕ್ಕೆ ಗುರುತು ಹಾಕಿ. ಬರೆದು ಮುಗಿದ ಮೇಲೆ ಅದೇ ಓದಿ ಹೋಲಿಸಿ ನೋಡುತ್ತದೆ. ವೇಗ 4 ಎಕ್ಸ್ ಅಥವಾ 8 ಎಕ್ಸ್ ಸಾಕು. 4 ಎಕ್ಸ್‌ನಲ್ಲಿ ತುಂಬಿದ ಡಿಸ್ಕ್‌ಗೆ ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಲ್ಯಾಪ್‌ಟಾಪ್ ಮುಟ್ಟಬೇಡಿ. ಬ್ಯಾಟರಿ ತುಂಬಿರಲಿ. ನಮ್ಮ ಕಡೆ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಮೇಜಿನ ಮೇಲಿನ ಕಂಪ್ಯೂಟರ್ ಆದರೆ ಯುಪಿಎಸ್ ಇಲ್ಲದೆ ಬರೆಯಲು ಕೂರಬೇಡಿ. ಅರ್ಧಕ್ಕೆ ನಿಂತ ಮೈನಸ್ ಆರ್ ಡಿಸ್ಕ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಹಳೆ ಕ್ಯಾಸೆಟ್ ಇದ್ದರೆ

ನಮ್ಮ ಅಟ್ಟದ ಮೇಲೆ ಒಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ತಾತ ಜೋಡಿ ಎತ್ತುಗಳ ಹಲ್ಲು ನೋಡುತ್ತಿರುವ ದೃಶ್ಯ. ತಾತ ಈಗಿಲ್ಲ. ಇದನ್ನೂ ಡಿವಿಡಿಗೆ ತಂದೆ.

ಕ್ಯಾಸೆಟ್‌ಗೆ ಬೇರೆ ಲೆಕ್ಕ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವ ವಿವರವೇ ಕಡಿಮೆ, ಸುಮಾರು 240 ಗೆರೆಯಷ್ಟು. ಅದಕ್ಕೆ 720 ಅಗಲ ಕೊಡುವುದು ಜಾಗ ದಂಡ. ಡಿವಿಡಿಯ ಕಟ್ಟಳೆಯಲ್ಲೇ 352ಕ್ಕೆ 576 ಎಂಬ ಅರ್ಧ ಅಗಲದ ಅಳತೆಗೂ ಅವಕಾಶ ಇದೆ. ಅದನ್ನು ಆರಿಸಿದರೆ 3.3 ಮೆಗಾಬಿಟ್‌ನಲ್ಲೂ ಚಿತ್ರ ಒಡೆಯುವುದಿಲ್ಲ. 600ನ್ನು 3.3ರಿಂದ ಭಾಗಿಸಿ ನೋಡಿ, 180 ನಿಮಿಷ ಬರುತ್ತದೆ. 3 ಗಂಟೆಯ ಕ್ಯಾಸೆಟ್ ಇಡಿಯಾಗಿ ಒಂದು ಡಿಸ್ಕ್‌ಗೆ ಕೂತಿತು. ಆಕಾರ 4:3 ಇಡಿ, ಇಲ್ಲದಿದ್ದರೆ ಎತ್ತುಗಳು ಅಗಲಕ್ಕೆ ಹಿಗ್ಗುತ್ತವೆ. ಕ್ಯಾಸೆಟ್ ಚಿತ್ರ ಒಂದು ಗೆರೆ ಬಿಟ್ಟು ಒಂದು ಗೆರೆ ಎಂದು ಎರಡು ಸರತಿಯಲ್ಲಿ ಬರುತ್ತದೆ. ಕಂಪ್ಯೂಟರ್‌ನಲ್ಲಿ ಬಾಚಣಿಗೆ ಹಲ್ಲಿನಂತೆ ಕಂಡರೂ ಅದನ್ನು ಸರಿಮಾಡಲು ಹೋಗಬೇಡಿ. ಹಳೆ ಟಿವಿಯೂ ಅದೇ ಸರತಿಯಲ್ಲಿ ತೋರಿಸುವುದರಿಂದ ಅಲ್ಲಿ ಚೊಕ್ಕವಾಗಿ ಬರುತ್ತದೆ.

ಮೂಲ ಫೈಲು ಅಳಿಸಬೇಡಿ

ವಿಡಿಯೊ ಡಿವಿಡಿ ನೋಡುವುದಕ್ಕೆ ಮಾತ್ರ. ಫೋನಿನಲ್ಲಿದ್ದ 1920 ಅಗಲದ ಚಿತ್ರ ಅಲ್ಲಿ 720ಕ್ಕೆ ಇಳಿದಿರುತ್ತದೆ. ಡಿವಿಡಿ ಆಯಿತಲ್ಲ ಎಂದು ಮೂಲ ಅಳಿಸಿದರೆ ಮತ್ತೆ ಬರುವುದಿಲ್ಲ. ಮೂಲ ಫೈಲುಗಳು ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ, ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ. ಮುಖ್ಯವಾದದ್ದನ್ನು ಡೇಟಾ ಡಿವಿಡಿಗೂ ಹಾಕಬಹುದು. ಕೆಲವು ಕ್ಯಾಮೆರಾಗಳು ಉದ್ದದ ವಿಡಿಯೊವನ್ನು 4 ಜಿಬಿಗೆ ಒಂದರಂತೆ ತುಂಡು ಮಾಡಿರುತ್ತವೆ. ಒಂದು ತುಂಡು ಒಂದು ಡಿಸ್ಕ್‌ಗೆ ಸರಿಯಾಗಿ ಕೂರುತ್ತದೆ. ದೊಡ್ಡ ಫೈಲನ್ನು ಜಿಪ್ ಮಾಡಿ ನಾಲ್ಕು ಡಿಸ್ಕ್‌ಗೆ ಹಂಚಬೇಡಿ. ಒಂದು ಡಿಸ್ಕ್ ಕೆಟ್ಟರೆ ನಾಲ್ಕೂ ಹೋದಂತೆ.

ಬರೆದ ಡಿಸ್ಕ್‌ನೊಳಗೆ ಇರುವುದು ಬಣ್ಣದ ಒಂದು ತೆಳು ಪದರ. ಬಿಸಿಲು, ಕಾವು ತಾಗಿದರೆ ಅದು ಹಾಳಾಗುತ್ತದೆ. ಕಿಟಕಿ ಪಕ್ಕ, ಟಿವಿ ಮೇಲೆ ಇಡಬೇಡಿ. ಡಬ್ಬಿಯಲ್ಲಿ ಹಾಕಿ, ಪುಸ್ತಕದಂತೆ ನಿಲ್ಲಿಸಿಡಿ. ಡಿಸ್ಕ್ ಮೇಲೆ ಚೀಟಿ ಅಂಟಿಸಬೇಡಿ, ತಿರುಗುವಾಗ ಅಲುಗಾಡುತ್ತದೆ. ಬಾಲ್ ಪೆನ್ ಬೇಡ, ಗೀರಿಕೊಳ್ಳುತ್ತದೆ. ಮೃದು ತುದಿಯ ಮಾರ್ಕರ್‌ನಲ್ಲಿ ತೂತಿನ ಸುತ್ತ ಸಣ್ಣದಾಗಿ ಬರೆಯಿರಿ.

ಊರಿಗೆ ತಂದ ಮೇಲೆ

ಡಿಸ್ಕ್ ಹಾಕಿದಾಗ ಮೊದಲು ಎಲ್ಲರೂ ಸಣಕಲಾಗಿ, ಉದ್ದುದ್ದ ಕಂಡರು. ಡಿಸ್ಕ್‌ನ ತಪ್ಪಲ್ಲ. ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಆಕಾರ 16:9 ಎಂದಿತ್ತು. ಚೌಕ ಟಿವಿಗೆ ಅದನ್ನು '4:3 ಲೆಟರ್‌ಬಾಕ್ಸ್' ಎಂದು ಬದಲಿಸಬೇಕು. ಕೆಲವು ಪ್ಲೇಯರ್‌ಗಳಲ್ಲಿ ಬರೀ 'ಎಲ್‌ಬಿ' ಎಂದಿರುತ್ತದೆ. ಬದಲಿಸಿದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತು, ಮುಖಗಳು ಸರಿಯಾದವು.

ಅಜ್ಜಿಗೆ ಓದಲು ಬರುವುದಿಲ್ಲ. ಹಾಗಾಗಿ ಡಬ್ಬಿಗಳ ಮೇಲೆ ಹೆಸರಿನ ಬದಲು ಫೋಟೊ ಸಿಕ್ಕಿಸಿದೆ. ಚಪ್ಪರದ ಡಬ್ಬಿಗೆ ಅರಿಶಿಣ ಹಚ್ಚಿಕೊಂಡ ತಂಗಿ, ಧಾರೆಯ ಡಬ್ಬಿಗೆ ಹಾರ ಹಾಕಿಕೊಂಡ ಜೋಡಿ, ಕ್ಯಾಸೆಟ್‌ನದಕ್ಕೆ ತಾತ ಮತ್ತು ಎತ್ತು. ರಿಮೋಟ್‌ನ ಪ್ಲೇ ಗುಂಡಿಗೆ ಕೆಂಪು ನೈಲ್ ಪಾಲಿಶ್‌ನ ಒಂದು ಬೊಟ್ಟು ಇಟ್ಟೆ. ನಾನು ಎದುರಿಗೆ ಇರುವಾಗಲೇ ಅಜ್ಜಿಯ ಕೈಯಲ್ಲೇ ಎರಡು ಸಲ ಹಾಕಿಸಿ, ತೆಗೆಸಿದೆ. ಮೂರನೇ ಸಲ ನಾನು ಕೇಳದೆಯೇ ಅವರು ಎತ್ತಿಕೊಂಡದ್ದು ತಾತನ ಡಬ್ಬಿ.